ನೆಲ ಮುಟ್ಟಿದ ಪಾದಗಳು

ಭಾವಚಿತ್ರ ತೆಗೆಸಿಕೊಳ್ಳಲು ಕುಳಿತವನು ಮೊದಲು ತನ್ನ ಮುಖವನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಅಂಗಿಯನ್ನು ಸರಿಪಡಿಸಿಕೊಂಡು, ತಲೆಗೂದಲನ್ನು ಒಪ್ಪಮಾಡಿಕೊಂಡು, ಲೋಕವು ತನ್ನನ್ನು ಹೇಗೆ ಕಾಣಬೇಕೆಂದು ಬಯಸುವನೋ ಹಾಗೆ ಕುಳಿತುಕೊಳ್ಳುತ್ತಾನೆ. ಹಿರಿಯರಿಗೆ ಈ ವಿದ್ಯೆ ಕರಗತವಾಗಿರುತ್ತದೆ. ಹದಿಹರೆಯದವರಿಗೆ ಅದಿನ್ನೂ ಒಲಿದಿರುವುದಿಲ್ಲ. ಬಾಲ್ಯವು ಹಿಂದೆ ಸರಿದಿರುತ್ತದೆ, ಪ್ರೌಢತೆಯು ಇನ್ನೂ ಬಂದಿರುವುದಿಲ್ಲ. ನಡುವಿನ ಈ ಸ್ಥಿತಿಯನ್ನೇ ಡಚ್ ಛಾಯಾಗ್ರಾಹಕಿ ರಿನೆಕೆ ಡೈಕ್‌ಸ್ಟ್ರಾ ಅವರು ತಮ್ಮ ಕಲೆಯ ವಸ್ತುವನ್ನಾಗಿ ಆರಿಸಿಕೊಂಡರು.

1959ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಜನಿಸಿದ ಅವರು ಮೊದಮೊದಲು ಪತ್ರಿಕೆಗಳಿಗಾಗಿ ಉದ್ಯಮಿಗಳ ಭಾವಚಿತ್ರಗಳನ್ನು ತೆಗೆಯುತ್ತಿದ್ದರು. ತಮ್ಮ ಮುಖದ ಮೇಲೆ ಆ ಗಣ್ಯರಿಗಿದ್ದ ಹಿಡಿತ ಸುಲಭವಾಗಿ ಸಡಿಲುತ್ತಿರಲಿಲ್ಲ. ಅಷ್ಟರಲ್ಲಿ ಸೈಕಲ್ ಅಪಘಾತವೊಂದರಲ್ಲಿ ಡೈಕ್‌ಸ್ಟ್ರಾ ಅವರ ಸೊಂಟದ ಮೂಳೆ ಮುರಿಯಿತು. ದೇಹವು ಮತ್ತೆ ಬಲಗೊಳ್ಳಲೆಂದು ಅವರು ಈಜತೊಡಗಿದರು. 1991ರಲ್ಲಿ ಒಂದು ದಿನ, ಈಜಿ ಬಳಲಿದ ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡರು. ಸೋಗು ಹಾಕುವುದಕ್ಕೂ ತ್ರಾಣ ಉಳಿಯದಿದ್ದ ಆ ಮುಖದಲ್ಲಿ ತಾವು ಅದುವರೆಗೆ ಅರಸುತ್ತಿದ್ದುದು ಅವರಿಗೆ ಕಾಣಿಸಿತು.

ಮರುವರ್ಷದಿಂದ ಅವರು ಕಡಲತೀರಗಳಿಗೆ ಹೋಗಿ, ಈಜುಡುಗೆಯಲ್ಲಿದ್ದ ಹುಡುಗ ಹುಡುಗಿಯರ ಚಿತ್ರಗಳನ್ನು ತೆಗೆದರು. ಅಮೆರಿಕ, ಪೋಲೆಂಡ್, ಉಕ್ರೇನ್ ಮೊದಲಾದ ದೇಶಗಳಲ್ಲಿ ಈ ಕಾರ್ಯ ನಡೆಯಿತು. ಅವರ ಕ್ಯಾಮರಾ ಮುಕ್ಕಾಲಿಯ ಮೇಲೆ ನಿಲ್ಲುವ ದೊಡ್ಡ ಯಂತ್ರ. ಒಂದೊಂದು ಚಿತ್ರಕ್ಕೂ ಫಿಲ್ಮಿನ ಒಂದೊಂದು ಹಾಳೆಯನ್ನು ಹೊಂದಿಸಬೇಕು. ಆ ನಿಧಾನವೇ ಅವರಿಗೆ ನೆರವಾಯಿತು. ಕಾಯುತ್ತ ನಿಂತವರಿಗೆ ಕೈಗಳನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ. ಕಲಿತ ಭಂಗಿ ಸಡಿಲಗೊಳ್ಳುತ್ತದೆ. 1992ರಲ್ಲಿ ಪೋಲೆಂಡಿನ ಕಡಲೂರೊಂದರಲ್ಲಿ ತೆಗೆದ ಚಿತ್ರದಲ್ಲಿ, ತಿಳಿಹಸಿರು ಈಜುಡುಗೆಯ ಬಾಲೆಯೊಬ್ಬಳು ಕತ್ತನ್ನು ತುಸು ವಾಲಿಸಿ ನಿಂತಿದ್ದಾಳೆ. ಕಲಾರಸಿಕರಿಗೆ ಅವಳಲ್ಲಿ ಇಟಲಿಯ ಹಳೆಯ ಚಿತ್ರಕಾರ ಬೊಟಿಚೆಲ್ಲಿಯ ವೀನಸ್ ದೇವತೆ ನೆನಪಾದಳು. ಆದರೆ ಅವಳ ನಿಲುವಿನಲ್ಲಿ ದೇವತೆಯ ನಿಶ್ಚಿಂತೆಯಿಲ್ಲ. ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಳ್ವಿಕೆ 1989ರಲ್ಲಿ ಕೊನೆಗೊಂಡಿತ್ತು; ಉಕ್ರೇನ್ 1991ರಲ್ಲಿ ಸ್ವತಂತ್ರವಾಗಿತ್ತು. ಈ ಮಕ್ಕಳ ದೇಹವೊಂದೇ ಅಲ್ಲ, ಅವರು ನಿಂತ ನೆಲವೂ ಬದಲಾಗುತ್ತಿತ್ತು. ಚಿತ್ರಗಳಿಗೆ ಸ್ಥಳ ಮತ್ತು ದಿನಾಂಕಗಳೇ ಶೀರ್ಷಿಕೆ, ಅಲ್ಲಿ ಹೆಸರುಗಳಿಲ್ಲ.

ನೆಲವನ್ನೇ ಕಳೆದುಕೊಂಡು ಬಂದ ಮಗುವೊಂದನ್ನು ಅವರು 1994ರಲ್ಲಿ ಕಂಡರು. ಬೋಸ್ನಿಯದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬವೊಂದು ನೆದರ್ಲೆಂಡ್ಸಿನ ನಿರಾಶ್ರಿತರ ಕೇಂದ್ರದಲ್ಲಿ ಆಶ್ರಯ ಪಡೆದಿತ್ತು. ಆ ಕುಟುಂಬದ ಆರು ವರ್ಷದ ಬಾಲಕಿ ಒಳ್ಳೆಯ ಉಡುಪು ಧರಿಸಿ ಕುರ್ಚಿಯ ಮೇಲೆ ಕುಳಿತಳು. ಅವಳ ಕಾಲುಗಳು ನೆಲವನ್ನು ಮುಟ್ಟುತ್ತಿರಲಿಲ್ಲ.

ಎರಡು ವರ್ಷಗಳ ಬಳಿಕ, ಅವಳು ಏನಾದಳೋ ಎಂಬ ಕುತೂಹಲದಿಂದ ಡೈಕ್‌ಸ್ಟ್ರಾ ಮತ್ತೆ ಅವಳನ್ನು ಹುಡುಕಿಕೊಂಡು ಹೋದರು. ಅಲ್ಲಿಂದ ಮುಂದೆ ಅದೊಂದು ವಾಡಿಕೆಯೇ ಆಯಿತು. ಪ್ರತಿ ಬಾರಿಯೂ ಒಂದು ಕುರ್ಚಿ, ಸರಳವಾದ ಒಂದು ಕೋಣೆ, ಅದೇ ಹುಡುಗಿ. ಉಡುಪು ಬದಲಾಯಿತು, ಕೂದಲಿನ ವಿನ್ಯಾಸ ಬದಲಾಯಿತು, ನೋಟದಲ್ಲಿ ಒಮ್ಮೆ ಸಂಕೋಚ, ಒಮ್ಮೆ ದಿಟ್ಟತನ ಕಾಣಿಸಿತು. ವರ್ಷಗಳು ಕಳೆದಂತೆ ಪಾದಗಳು ನೆಲಕ್ಕೆ ತಾಗಿದವು. ಪರದೇಶದಿಂದ ಬಂದ ಮಗು ಆ ದೇಶದ ತರುಣಿಯರಲ್ಲಿ ಒಬ್ಬಳಾದಳು. ಆದರೆ ಯಾವ ವರ್ಷ, ಯಾವ ದಿನ ಅವಳು ಹಾಗಾದಳೆಂದು ಕೇಳಿದರೆ ಆ ಹನ್ನೊಂದು ಚಿತ್ರಗಳಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ಆ ಬದಲಾವಣೆ ನಡೆದದ್ದು ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ, ಯಾರೂ ಗಮನಿಸದ ದಿನಗಳಲ್ಲಿ. 2008ರ ಕೊನೆಯ ಚಿತ್ರದಲ್ಲಿ ಅವಳು ತಾಯಿಯಾಗಿ, ಮಡಿಲಲ್ಲಿ ಹಸುಗೂಸನ್ನು ಹಿಡಿದು ಕುಳಿತಿದ್ದಾಳೆ.

ಹರೆಯದವರ ಅಳುಕನ್ನು ಹಿರಿಯರು ಹಲವು ವೇಳೆ ದೋಷವೆಂದು ಬಗೆಯುತ್ತಾರೆ. ಹರೆಯದವರೂ ಅದನ್ನು ಮರೆಮಾಚಲು ಹೆಣಗುತ್ತಾರೆ. ಡೈಕ್‌ಸ್ಟ್ರಾ ಅವರ ಚಿತ್ರಗಳಲ್ಲಿ ಅದು ಹಾಗೆ ಕಾಣುವುದಿಲ್ಲ. ಅವರು ಆ ಮಕ್ಕಳನ್ನು ನಗಲು ಒತ್ತಾಯಿಸಲಿಲ್ಲ, ಅವರ ಮುಜುಗರವನ್ನು ಕಂಡು ನಗಲೂ ಇಲ್ಲ, ತಾಳ್ಮೆಯಿಂದ ಕಾದರು. ಬೆಳೆಯುತ್ತಿರುವ ಮನುಷ್ಯನಿಗೆ ತಾನು ಯಾರೆಂಬುದು ಇನ್ನೂ ತಿಳಿಯದಿರುವುದು ನಾಚಿಕೆಯ ಸಂಗತಿಯಲ್ಲ. ಅವನಿಗೆ ಬೇಕಾದುದು ಕುಳಿತುಕೊಳ್ಳಲು ಒಂದು ಸ್ಥಳ, ಕಾಲುಗಳು ನೆಲ ಮುಟ್ಟುವವರೆಗೆ ಕಾಯಬಲ್ಲ ಒಂದು ಜೊತೆ ಕಣ್ಣು.