ಗಡಿ ದಾಟದ ಸೇವಾಪುಸ್ತಕ

ಮುಂಬಯಿ ಕನ್ನಡಿಗರ ಸಾಧನೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಸಾಹಿತಿಗಳನ್ನು, ರಂಗಕರ್ಮಿಗಳನ್ನು, ಹೋಟೆಲು ಉದ್ಯಮವನ್ನು ಕಟ್ಟಿದವರನ್ನು, ಸಂಘಸಂಸ್ಥೆಗಳ ಹಿರಿಯರನ್ನು ನೆನೆಯುತ್ತಾರೆ. ಅದು ಉಚಿತವೇ ಆಗಿದೆ. ಆದರೆ ಈ ಮಹಾನಗರದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಾಠ ಹೇಳಿದವರ ವಿಷಯ ಅಷ್ಟಾಗಿ ಬರೆಹಕ್ಕೆ ಇಳಿದಿಲ್ಲ. ಅವರಲ್ಲಿಯೂ ಒಂದು ವರ್ಗವಿದೆ: ಕರ್ನಾಟಕದಲ್ಲಿ ಹಲವು ವರ್ಷ ಶಿಕ್ಷಕರಾಗಿದ್ದು, ನಡುವಯಸ್ಸಿನಲ್ಲಿ ಇಲ್ಲಿಗೆ ಬಂದು, ಮತ್ತೆ ಮೊದಲಿನಿಂದ ಆರಂಭಿಸಿದವರು. ನಾನು ಆ ವರ್ಗಕ್ಕೆ ಸೇರಿದವಳು. ವಿದ್ವಾಂಸರ ಲೇಖನಗಳ ನಡುವೆ ಶಾಲಾ ಶಿಕ್ಷಕಿಯೊಬ್ಬಳ ಮಾತಿಗೂ ಈ ಸಂಪುಟದಲ್ಲಿ ಎಡೆ ದೊರೆತಿರುವುದರಿಂದ, ಬಹುಕಾಲ ನನ್ನನ್ನು ಕಾಡಿದ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಶಿಕ್ಷಕರ ಅನುಭವವೆಂದರೆ ಏನು? ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಬರುತ್ತದೆಯೇ?

ಅಂದಿನ ಧಾರವಾಡ ಜಿಲ್ಲೆಯ, ಈಗ ಗದಗ ಜಿಲ್ಲೆಗೆ ಸೇರಿರುವ ಒಂದು ಹಳ್ಳಿಯ ಅನುದಾನಿತ ಪ್ರೌಢಶಾಲೆಯಲ್ಲಿ ನಾನು 1971ರಿಂದ ಹದಿಮೂರು ವರ್ಷ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿದೆ. 1984ರಲ್ಲಿ ನನ್ನ ಪತಿಗೆ ಬ್ಯಾಂಕಿನಿಂದ ಮುಂಬಯಿಗೆ ವರ್ಗವಾಯಿತು. ಮಿರಜದಲ್ಲಿ ಮೀಟರ್ ಗೇಜಿನ ಗಾಡಿಯಿಂದ ಇಳಿದು ಬ್ರಾಡ್ ಗೇಜಿನ ಗಾಡಿ ಏರಬೇಕಾಗಿದ್ದ ಕಾಲವದು. ಅವರ ಹದಿನೈದು ವರ್ಷಗಳ ಸೇವೆ, ಜ್ಯೇಷ್ಠತೆ, ವೇತನಶ್ರೇಣಿ ಎಲ್ಲವೂ ಒಂದು ಲಕೋಟೆಯಲ್ಲಿ ಅವರೊಡನೆ ಬಂದವು. ನನ್ನ ಸೇವಾಪುಸ್ತಕವೂ ಪೆಟ್ಟಿಗೆಯಲ್ಲಿತ್ತು. ವರ್ಷವರ್ಷದ ವೇತನಬಡ್ತಿ, ರಜೆಯ ಲೆಕ್ಕ, ಪ್ರತಿ ಪುಟದಲ್ಲಿ ಮುಖ್ಯಾಧ್ಯಾಪಕರ ಸಹಿ, ಎಲ್ಲವೂ ಕ್ರಮವಾಗಿದ್ದ ಪುಸ್ತಕ. ಉಪನಗರದ ಕನ್ನಡ ಪ್ರೌಢಶಾಲೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಅಲ್ಲಿನ ಗುಮಾಸ್ತರು ಆ ಪುಸ್ತಕವನ್ನು ಗೌರವದಿಂದಲೇ ತಿರುವಿ ನೋಡಿ ಹಿಂದಿರುಗಿಸಿದರು, ನನ್ನ ಹೆಸರಿನಲ್ಲಿ ಹೊಸದೊಂದು ‘ಸೇವಾಪುಸ್ತಿಕಾ’ ತೆರೆದರು. ವೇತನ ಆರಂಭದ ಮೆಟ್ಟಿಲಿಗೆ ನಿಂತಿತು. ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಹೆಸರು ಕೊನೆಯದಾಯಿತು. ನನಗಿಂತ ಹತ್ತು ವರ್ಷ ಚಿಕ್ಕವರು ನನಗೆ ಹಿರಿಯರಾದರು.

ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಅನುದಾನಿತ ಶಾಲೆಯ ಶಿಕ್ಷಕರಿಗೆ ಸಂಬಳ ಬರುವುದು ರಾಜ್ಯದ ಬೊಕ್ಕಸದಿಂದ. ತಾನು ಸಂಬಳ ಕೊಟ್ಟ ಸೇವೆಯನ್ನು ಮಾತ್ರ ರಾಜ್ಯ ಲೆಕ್ಕಕ್ಕೆ ಹಿಡಿಯುತ್ತದೆ. ತರ್ಕ ಸರಿಯಾಗಿಯೇ ಇದೆ. ಆದರೆ ಇದರ ಭಾರ ಬೀಳುವುದು ಹೆಚ್ಚಾಗಿ ಸ್ತ್ರೀಯರ ಮೇಲೆ ಎಂಬುದನ್ನು ಗಮನಿಸಬೇಕು. ಗಂಡನ ನೌಕರಿ ಅಖಿಲ ಭಾರತ ಮಟ್ಟದ್ದು, ಹೆಂಡತಿಯದು ಒಂದು ಊರಿನ ಶಾಲೆಯದು. ಊರು ಬದಲಾದಾಗ ಮುರಿಯುವ ಸೇವೆ ಯಾರದೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. 2006ರಲ್ಲಿ ನಿವೃತ್ತಳಾದಾಗ ನನ್ನ ಒಟ್ಟು ಸೇವೆ ಮೂವತ್ತೈದು ವರ್ಷ. ಪಿಂಚಣಿಯ ಲೆಕ್ಕಕ್ಕೆ ಬಂದದ್ದು ಇಪ್ಪತ್ತೆರಡು. ಪೂರ್ಣ ಪಿಂಚಣಿಗೆ ಮೂವತ್ತಮೂರು ವರ್ಷ ಬೇಕೆಂಬ ನಿಯಮ ಆಗ ಇತ್ತು.

ಇಲ್ಲಿ ಇತಿಹಾಸದ ಒಂದು ವಿಪರ್ಯಾಸವೂ ಇದೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದವು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳು ಮುಂಬಯಿ ವಿಶ್ವವಿದ್ಯಾಲಯದ ಪದವೀಧರರಾದರು. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಮುಂಬಯಿಯಲ್ಲಿ ಆರಂಭಗೊಂಡು ಮರುವರ್ಷ ಧಾರವಾಡಕ್ಕೆ ಬಂತು. ನನ್ನ ಗುರುಗಳ ತಲೆಮಾರಿನವರಿಗೆ ಧಾರವಾಡವೂ ಮುಂಬಯಿಯೂ ಒಂದೇ ರಾಜ್ಯದ ಎರಡು ಊರುಗಳು. 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ ದಿನದಿಂದ ಕನ್ನಡಿಗರು ಹಂಬಲಿಸಿದ ಏಕೀಕರಣ ನಮ್ಮ ಭಾಗ್ಯವೇ ಸರಿ. ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಆದರೂ ನಾಡು ಒಂದಾದ ಆ ಗೆರೆಯೇ ನಾಡಿನಾಚೆ ಹೋಗುವ ಕನ್ನಡ ಶಿಕ್ಷಕರನ್ನು ಹೊರಗಿನವರನ್ನಾಗಿಯೂ ಮಾಡಿತು. ಸಂಭ್ರಮದ ನಡುವೆ ಇದನ್ನೂ ನೆನೆಯುವುದು ಅಗತ್ಯ.

ಕಾಗದದ ಅನುಭವದ ಮಾತು ಅಲ್ಲಿಗಿರಲಿ. ತರಗತಿಯ ಅನುಭವವಾದರೂ ನನ್ನೊಡನೆ ಬಂದಿತೇ? ಹೊರಗಿನ ವ್ಯತ್ಯಾಸಗಳು ಬೇಗ ರೂಢಿಯಾದವು. ದಸರೆಯ ರಜೆ ಹೋಗಿ ದೀಪಾವಳಿಯ ರಜೆ ಬಂತು. ಎಸ್.ಎಸ್.ಎಲ್.ಸಿ. ಹೋಗಿ ಎಸ್.ಎಸ್.ಸಿ. ಆಯಿತು. ಸರಕಾರದ ಪರಿಪತ್ರಕಗಳು ಮರಾಠಿಯಲ್ಲಿ ಬರುತ್ತಿದ್ದವು. ‘ಸಾಳಿ’, ‘ಮಾಸ್ತರ’, ‘ಹಜೇರಿ’ ಎನ್ನುತ್ತ ಬೆಳೆದ ಉತ್ತರ ಕರ್ನಾಟಕದವಳಿಗೆ ಆ ಭಾಷೆ ತೀರ ಅಪರಿಚಿತವಾಗಿರಲಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಮರಾಠಿಯಲ್ಲಿ ಮಾತ್ರವಲ್ಲದೆ ಕನ್ನಡ, ತೆಲುಗು, ಗುಜರಾತಿ, ಸಿಂಧಿ, ಉರ್ದು ಮೊದಲಾದ ಭಾಷೆಗಳಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಮಕ್ಕಳೂ ಮುಂಬಯಿಯ ಮಕ್ಕಳೂ ಓದುವುದು ಅದೇ ಕನ್ನಡ ಪುಸ್ತಕವನ್ನು. ಆದರೆ ಅಲ್ಲಿಯವರು ನೆಲದಲ್ಲಿಯೇ ಉಳಿದರು, ಗಡಿ ಅವರನ್ನು ದಾಟಿ ಹೋಯಿತು. ಇಲ್ಲಿಯವರು ತಾವೇ ಗಡಿ ದಾಟಿ ಬಂದವರು. ಒಂದೇ ಪುಸ್ತಕ ಇಬ್ಬರಿಗೂ ಒಂದೇ ಬಗೆಯಾಗಿ ಮುಟ್ಟಲಾರದು.

ನಿಜವಾದ ವ್ಯತ್ಯಾಸವಿದ್ದದ್ದು ಮಕ್ಕಳ ಕನ್ನಡದಲ್ಲಿ. ನಮ್ಮ ಹಳ್ಳಿಯ ಶಾಲೆಗೆ ಮಗು ಕನ್ನಡವನ್ನು ಹೊತ್ತುಕೊಂಡೇ ಬರುತ್ತಿತ್ತು. ನಾವು ಅದಕ್ಕೆ ಕಾಗುಣಿತವನ್ನು, ವ್ಯಾಕರಣವನ್ನು, ಗ್ರಂಥಸ್ಥ ರೂಪವನ್ನು ಕೊಡುತ್ತಿದ್ದೆವು. ಮುಂಬಯಿಯ ತರಗತಿಯಲ್ಲಿ ಕರಾವಳಿಯಿಂದ ಬಂದವರ ಮಕ್ಕಳಿಗೆ ಮನೆಮಾತು ತುಳು, ಇಲ್ಲವೇ ಕೊಂಕಣಿ; ಕೆಲವರಿಗೆ ಕುಂದಾಪುರದ ಕನ್ನಡ. ಕಟ್ಟಡದ ಕೆಲಸಕ್ಕೆಂದು ವಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದ ಕುಟುಂಬಗಳ ಮಕ್ಕಳದು ಮತ್ತೊಂದು ಕನ್ನಡ. ಓಣಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ. ಪುಸ್ತಕದ ಕನ್ನಡವು ಈ ಎಲ್ಲರಿಗೂ ಒಂದಲ್ಲ ಒಂದು ಅಳತೆಯಲ್ಲಿ ದೂರದ್ದಾಗಿತ್ತು. ಬಾಹ್ಯಾಕಾಶದ ಪಾಠದಲ್ಲಿ ಹುಡುಗಿಯೊಬ್ಬಳು ‘ಅವಕಾಶಯಾನ’ ಎಂದು ಬರೆದಳು. ಮರಾಠಿಯಲ್ಲಿ ‘ಅವಕಾಶ’ವೆಂದರೆ ಆಕಾಶದಾಚೆಯ ಬಯಲೂ ಹೌದು, ಬಿಡುವೂ ಹೌದು. ಅವಳು ಬರೆದದ್ದು ತಪ್ಪೆಂದು ಕೆಂಪು ಗೆರೆ ಎಳೆಯುವುದು ಸುಲಭ. ಅದರ ಬದಲು ಎರಡು ಭಾಷೆಗಳಲ್ಲಿಯೂ ಇರುವ ಸಂಸ್ಕೃತ ಶಬ್ದಗಳನ್ನು ಕಪ್ಪುಹಲಗೆಯ ಮೇಲೆ ಎರಡು ಸಾಲಾಗಿ ಬರೆದು, ಅರ್ಥ ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂದು ಮಕ್ಕಳಿಂದಲೇ ಹೇಳಿಸುವ ಪದ್ಧತಿಯನ್ನು ಇಟ್ಟುಕೊಂಡೆ. ‘ಕಾದಂಬರಿ’ ಎರಡರಲ್ಲಿಯೂ ಒಂದೇ. ‘ಉಪನ್ಯಾಸ’ ಮಾತ್ರ ಹಿಂದಿಗೆ ಹೋದೊಡನೆ ಕಾದಂಬರಿಯಾಗುತ್ತದೆ. ಇದು ನಾನು ತರಬೇತಿಯಲ್ಲಿ ಕಲಿತದ್ದಲ್ಲ, ಹಳ್ಳಿಯಲ್ಲಿ ಬೇಕಾದದ್ದೂ ಅಲ್ಲ.

ಇನ್ನೊಂದು ದಿನದ ಪಾಠವನ್ನು ನಾನು ಮರೆಯಲಾರೆ. ಪದ್ಯದಲ್ಲಿ ಸುಗ್ಗಿಯ ವರ್ಣನೆಯಿತ್ತು: ಕಣ, ರಾಶಿ, ತೂರುವುದು. ನಮ್ಮ ಹಳ್ಳಿಯಲ್ಲಾಗಿದ್ದರೆ ಕಿಟಕಿಯ ಹೊರಗೆ ಕೈ ತೋರಿಸಿದರೆ ಸಾಕಾಗುತ್ತಿತ್ತು. ಇಲ್ಲಿ ಕಿಟಕಿಯ ಹೊರಗೆ ನಾಲ್ಕು ಮಾಳಿಗೆಯ ಚಾಳಿತ್ತು. ನಾನು ಚಿತ್ರ ಬರೆದೆ, ವಿವರಿಸಿದೆ. ಮಕ್ಕಳು ಸೌಜನ್ಯದಿಂದ ಕೇಳಿದರು. ಆಗ ಕೊನೆಯ ಬೆಂಚಿನ, ತನ್ನ ಮಾತಿಗೆ ಉಳಿದವರು ನಗುತ್ತಾರೆಂದು ಬಾಯಿಯೇ ಬಿಡದಿದ್ದ, ಕಟ್ಟಡ ಕಾರ್ಮಿಕರ ಮಗನೊಬ್ಬ ಎದ್ದು ನಿಂತ. ಕಣವನ್ನು ಸೆಗಣಿಯಿಂದ ಹೇಗೆ ಸಾರಿಸುತ್ತಾರೆ, ನಡುವೆ ಮೇಟಿ ಏಕೆ ನೆಡುತ್ತಾರೆ, ಗಾಳಿ ಬೀಳುವವರೆಗೆ ಏಕೆ ಕಾಯುತ್ತಾರೆ, ಎಳೆಯ ಜೋಳದ ಸೀತನಿಯ ರುಚಿ ಹೇಗಿರುತ್ತದೆ ಎಂದು ತನ್ನ ಊರಿನ ಕನ್ನಡದಲ್ಲಿಯೇ ಹೇಳಿದ. ಹತ್ತು ನಿಮಿಷ ತರಗತಿ ಅವನದಾಗಿತ್ತು. ಯಾರೂ ನಗಲಿಲ್ಲ. ಮೇಟಿ ಎಂಬುದಕ್ಕೆ ತುಳುವಿನಲ್ಲಿ ಏನನ್ನುತ್ತಾರೆಂದು ಅಜ್ಜಿಯನ್ನು ಕೇಳಿ ಬರುವೆನೆಂದು ಒಬ್ಬಳು ಹೇಳಿದಳು. ಅಂದಿನಿಂದ ಆ ಹುಡುಗ ಮಾತನಾಡತೊಡಗಿದ.

ಶಿಕ್ಷಕರ ಅನುಭವವೆಂದರೆ ಹೇಳಿದ ಪಾಠಗಳ ಮೊತ್ತವಲ್ಲವೆಂಬುದು ನನಗೆ ಆಗ ಖಚಿತವಾಯಿತು. ಹದಿಮೂರು ವರ್ಷಗಳ ಟಿಪ್ಪಣಿಗಳು, ಪ್ರಶ್ನೆಗಳು, ಉದಾಹರಣೆಗಳು ಆ ನೆಲಕ್ಕೆ ಸೇರಿದ್ದವು. ಅವು ಅಲ್ಲಿಯೇ ಉಳಿದವು. ಬಂದದ್ದು ಒಂದೇ: ಮಗು ಸುಮ್ಮನಿರುವುದು ತಿಳಿಯದೆಯೋ ಅಂಜಿಕೆಯಿಂದಲೋ ಎಂದು ಗುರುತಿಸುವ ಕಣ್ಣು. ಅದನ್ನು ಯಾವ ಸೇವಾಪುಸ್ತಕದಲ್ಲಿಯೂ ಬರೆಯುವುದಿಲ್ಲ, ಆದ್ದರಿಂದ ಯಾವ ಕಚೇರಿಯೂ ಅದನ್ನು ಕಳೆಯಲಾರದು. ಹಾಗೆಂದು ಕಾಗದದ ಲೆಕ್ಕ ಮುಖ್ಯವಲ್ಲವೆಂದು ನಾನು ಹೇಳಲಾರೆ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ಮಕ್ಕಳಿಗೆ ಕಲಿಸಲು ನುರಿತವರು ಎಲ್ಲಿಂದ ಬರಬೇಕು, ಬಂದವರ ಹಿಂದಿನ ಸೇವೆ ಏನಾಗಬೇಕು ಎಂಬುದನ್ನು ಅದು ಹೇಳುವುದಿಲ್ಲ. ಶಿಕ್ಷಣ ಹಕ್ಕಿನ 2009ರ ಕಾಯಿದೆಯ ತರುವಾಯ ಶಿಕ್ಷಕರಿಗೆ ಅರ್ಹತಾ ಪರೀಕ್ಷೆ ಬಂದಿದೆ. ರಾಜ್ಯಗಳು ತಮ್ಮ ತಮ್ಮ ಪರೀಕ್ಷೆಗಳನ್ನು ನಡೆಸುತ್ತವೆ. ಇಂದು ಗಡಿ ದಾಟುವ ಶಿಕ್ಷಕಿಯ ದಾರಿ ನನ್ನದಕ್ಕಿಂತ ಸುಗಮವಾಗಿದೆಯೆಂದು ನಾನು ಭಾವಿಸಿಲ್ಲ.

ಕೊನೆಯದಾಗಿ ಕನ್ನಡ ವಿಭಾಗದ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಮುಂಬಯಿಯ ಹಲವು ಕನ್ನಡ ಮಾಧ್ಯಮದ ಶಾಲೆಗಳು ಮುಚ್ಚಿವೆ. ಉಳಿದವುಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಪ್ರತಿ ಶಾಲೆಯಲ್ಲಿಯೂ ಪ್ರವೇಶದ ದಾಖಲೆ ಪುಸ್ತಕವೊಂದಿರುತ್ತದೆ. ಹುಟ್ಟಿದೂರು, ಹಿಂದೆ ಕಲಿತ ಶಾಲೆ, ಶಾಲೆ ಬಿಟ್ಟ ಕಾರಣ ಎಂಬ ಅಂಕಣಗಳು ಅದರಲ್ಲಿವೆ. ವಲಸೆ ಬಂದ ಕನ್ನಡದ ಚರಿತ್ರೆಯನ್ನು ಬರೆಯಲು ಇದಕ್ಕಿಂತ ಮಿಗಿಲಾದ ಆಕರ ನನಗೆ ಕಾಣದು. ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಹುಡುಕಿಕೊಂಡು ಹೋಗುವ ಶ್ರದ್ಧೆಯಲ್ಲಿ ಸ್ವಲ್ಪ ಭಾಗವನ್ನು ಈ ಪುಸ್ತಕಗಳಿಗೂ ಮೀಸಲಿಡಿ. ಅವನ್ನು ತುಂಬಿದ ಶಿಕ್ಷಕರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ.