ಬರುವ ಮಾಸ್ತರಿಗೊಂದು ವಹಿ

ನಮ್ಮ ಮುಡಬಿಯಲ್ಲಿ ಬಲ್ಲವರಿಗೆ ಬರವಿಲ್ಲ. ಯಾರ ಹೊಲದಲ್ಲಿ ಎಷ್ಟು ಆಳಕ್ಕೆ ನೀರು ಬೀಳುತ್ತದೆ, ಯಾರ ಎತ್ತು ಯಾವ ಸಂತೆಯದು, ಯಾವ ಮನೆಯ ಬೀಗರು ಹೇಳಿದ ದಿನಕ್ಕೆ ಬರುವುದಿಲ್ಲ, ಎಲ್ಲವೂ ಯಾರಿಗಾದರೂ ಗೊತ್ತೇ ಇರುತ್ತದೆ. ಚಹಾದಂಗಡಿಯಲ್ಲಿ ಅರ್ಧ ಕಪ್ ಖಾಲಿಯಾಗುವುದರೊಳಗೆ ಉತ್ತರ ಸಿಕ್ಕಿಬಿಡುತ್ತದೆ. ತೊಂದರೆ ಒಂದೇ, ಬಲ್ಲವನು ಹೋದ ದಿನ ಆ ತಿಳಿವಳಿಕೆಯೂ ಅವನ ಹಿಂದೆಯೇ ಹೋಗುತ್ತದೆ. ಆಮೇಲೆ ತಲೆ ಕೆರೆಯುತ್ತ "ಮುತ್ಯಾ ಇದ್ದಿದ್ರ ಹೇಳ್ತಿದ್ದ ನೋಡ್ರಿ" ಅನ್ನುವುದಷ್ಟೇ ಉಳಿಯುತ್ತದೆ.

ಇಂಥ ತಿಳಿವಳಿಕೆ ಕೈಜಾರದಂತೆ ಹಿಡಿದಿಡುವುದಕ್ಕೆ ದೊಡ್ಡ ಕಂಪನಿಗಳು ನಾಲೆಜ್ ಮ್ಯಾನೇಜ್‌ಮೆಂಟ್ ಅನ್ನುತ್ತವೆ. ಅದಕ್ಕೊಬ್ಬ ಸಾಹೇಬ, ಅವನಿಗೊಂದು ಪಗಾರ. ನಮ್ಮ ಮನೆಯಲ್ಲಿ ಆ ಕೆಲಸ ಪುಕ್ಕಟೆಯಾಗಿ ನಡೆಯುತ್ತಿತ್ತು. ಮುತ್ಯಾನದು ಕಿರಾಣಿ ಅಂಗಡಿ. ಕೆಂಪು ಬಟ್ಟೆ ಹೊದಿಸಿದ, ಉದ್ದ ಹಾಳೆಯ ವಹಿ ಗಾದಿಯ ಪಕ್ಕದಲ್ಲೇ ಇರುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ವಹಿಗೆ ಅರಿಶಿನ ಕುಂಕುಮ ಬಿದ್ದು, ಮೊದಲ ಪುಟದಲ್ಲಿ ಶ್ರೀಕಾರ ಮೂಡಿದ ಮೇಲೆಯೇ ಹೊಸ ವರ್ಷದ ಉದ್ರಿಗೆ ಬಾಗಿಲು ತೆರೆಯುತ್ತಿತ್ತು.

ಆ ಹಳೆಯ ವಹಿಗಳೆಲ್ಲ ಮೋಡಿ ಅಕ್ಷರದವು. ಲೇಖನಿ ಎತ್ತದೆ ಒಂದೇ ಓಟದಲ್ಲಿ ಸಾಗುವ ಆ ಲಿಪಿ ಮರಾಠಿ ಸೀಮೆಯ ದಫ್ತರಗಳಲ್ಲೂ ಅಂಗಡಿಗಳಲ್ಲೂ ಶತಮಾನಗಳ ಕಾಲ ಆಳಿತು. ಸರಕಾರಿ ಕಾಗದ ಉರ್ದುವಿನಲ್ಲಿ, ಅಂಗಡಿ ಲೆಕ್ಕ ಮೋಡಿಯಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ನಿಜಾಮರ ಕಾಲದ ನಮ್ಮ ಭಾಗ ಹಾಗಿತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿ, 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಪ್ಪ ಗಾದಿಗೆ ಕೂತಾಗ ಕಿರ್ದಿ ಕನ್ನಡದಲ್ಲಿ ಬರೆದ. ಮುತ್ಯಾನ ವಹಿಗಳು ಅಟ್ಟ ಸೇರಿದವು. ಈಗ ಅವನ್ನು ಓದಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲ. ಗೆದ್ದಲು ಮಾತ್ರ ಅಕ್ಷರಭೇದವೆಣಿಸದೆ ಪಾರಾಯಣ ನಡೆಸಿದೆ.

ಅಪ್ಪನ ಕಿರ್ದಿಯಲ್ಲಿ ಜಮಾ ಖರ್ಚಿನ ಅಂಕಿಗಳಿಗಿಂತ ಅಂಚಿನ ಬರಹಕ್ಕೇ ಬೆಲೆ ಹೆಚ್ಚು. ಒಂದು ಕಡೆ "ಹಸ್ತ ಮಳೆ ಕೈಕೊಟ್ಟದ. ತೊಗರಿ ಮ್ಯಾಲ ಉದ್ರಿ ಬ್ಯಾಡ" ಎಂದಿದೆ. ಇನ್ನೊಂದು ಕಡೆ, ಒಬ್ಬ ಗಿರಾಕಿಯ ಖಾತೆಯ ಪಕ್ಕದಲ್ಲಿ, "ದಸರಾಕ್ಕ ಕೊಡ್ತೀನಂದ್ರ ಯುಗಾದಿಗೆ ಕೊಡ್ತಾರ. ಆದ್ರ ಕೊಡ್ತಾರ." ಅಂಗಡಿಗೆ ಕೂತ ನನ್ನ ತಮ್ಮ ಆ ಕೊನೆಯ ಎರಡು ಶಬ್ದ ನೋಡಿಯೇ ಆ ಮನೆಗೆ ಇಂದಿಗೂ ಉದ್ರಿ ಕೊಡುತ್ತಾನೆ. ಎಷ್ಟು ಬಾಕಿ ಎಂಬುದನ್ನು ಲೆಕ್ಕ ಹೇಳುತ್ತದೆ, ಯಾರನ್ನು ನಂಬಬೇಕೆಂಬುದನ್ನು ಅಂಚು ಹೇಳುತ್ತದೆ.

ತಿಳಿದದ್ದನ್ನು ಬರೆದಿಡುವ ಈ ಕೆಲಸ ನಮ್ಮ ಬಸವಕಲ್ಯಾಣ ತಾಲ್ಲೂಕಿಗೆ ಹೊಸದಲ್ಲ. ಇಂದಿನ ಬಸವಕಲ್ಯಾಣ ಕಲ್ಯಾಣವೆಂಬ ಹೆಸರಿನಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದಾಗ, 12ನೇ ಶತಮಾನದ ಮೊದಲರ್ಧದಲ್ಲಿ, ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆದ. ತಲಾ 20 ಅಧ್ಯಾಯಗಳ 5 ಭಾಗ, ಒಟ್ಟು 100 ಅಧ್ಯಾಯ. ಬೊಕ್ಕಸ, ಆನೆ, ಕುದುರೆ, ಸಂಗೀತ, ಕುಸ್ತಿ, ಮೀನು ಹಿಡಿಯುವ ಬಗೆ, ಅಡಿಗೆ, ಯಾವುದನ್ನೂ ಆತ ಬಿಡಲಿಲ್ಲ. ಇಡ್ಲಿಯ ಪೂರ್ವಜನೆನ್ನಬಹುದಾದ ಉದ್ದಿನ ತಿಂಡಿಯೂ ಅದರಲ್ಲಿದೆ. ಆದರೆ ಇಡೀ ಗ್ರಂಥ ಸಂಸ್ಕೃತದಲ್ಲಿದೆ. ಮಾವುತನಿಂದಲೂ ಬಾಣಸಿಗನಿಂದಲೂ ಕಲೆಹಾಕಿದ್ದನ್ನು ಅವರಿಬ್ಬರೂ ಓದಲಾಗದ ಭಾಷೆಯಲ್ಲಿ ಬರೆದಿಟ್ಟಂತಾಯಿತು.

ಅದಾಗಿ ಕೆಲವೇ ದಶಕಗಳಲ್ಲಿ, ಅದೇ ಕಲ್ಯಾಣದಲ್ಲಿ, ಲೆಕ್ಕ ತಿರುವುಮುರುವಾಯಿತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಅಕ್ಕಿ ಆಯುವ ಕಾಯಕದ ಲಕ್ಕಮ್ಮ ತಾವು ಕಂಡದ್ದನ್ನು ತಮ್ಮದೇ ಮಾತಿನಲ್ಲಿ, ವಚನಗಳಾಗಿ ಹೇಳಿದರು. ಕಲ್ಯಾಣ ಕ್ರಾಂತಿಯಲ್ಲಿ ಈ ಶರಣರು ಚದುರಿದರು, ವಚನದ ಕಟ್ಟುಗಳೂ ಚದುರಿದವು. ಅವು ಉಳಿದದ್ದು ಪೆಟ್ಟಿಗೆಯ ಭದ್ರತೆಯಿಂದಲ್ಲ, ತಲೆಮಾರಿನಿಂದ ತಲೆಮಾರಿಗೆ ಯಾರೋ ಕೂತು ನಕಲು ಮಾಡಿದ್ದರಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿ ಮಠ ಮನೆ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಪುಸ್ತಕವೊಂದೇ ಸಾಲದೆಂದು 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆ ಮಾರಿದರು. ಅವರು ಕೂಡಿಸಿ ಬೀಗ ಹಾಕಿದ್ದರೆ ನಮ್ಮ ಅಟ್ಟದಲ್ಲಿರುವಂಥ ಇನ್ನೊಂದು ಗಂಟಾಗುತ್ತಿತ್ತು, ಅಷ್ಟೆ.

ನಾನು ಮಾಸ್ತರಿಕೆ ಮಾಡಿದವನು. ಶಾಲೆಯಲ್ಲಿ ಬರೆಯುವುದಕ್ಕೇನೂ ಕೊರತೆಯಿಲ್ಲ. ಹಾಜರಿ, ದಾಖಲಾತಿ, ಬಿಸಿಯೂಟದ ಲೆಕ್ಕ, ಪಾಠ ಟಿಪ್ಪಣಿ. ಆದರೆ ಪಾಠ ಟಿಪ್ಪಣಿಯನ್ನು ಓದುವವರು ಸಾಹೇಬರು. ಆದ್ದರಿಂದ ಅದರಲ್ಲಿ ಎಲ್ಲ ಪಾಠವೂ ಗೆಲ್ಲುತ್ತದೆ, ಎಲ್ಲ ಮಕ್ಕಳಿಗೂ ತಿಳಿಯುತ್ತದೆ. ಅಂಗಡಿಯ ಕಿರ್ದಿಯಲ್ಲಿ ಹಾಗೆ ಬರೆದರೆ ಮರುವರ್ಷ ದೀಪಾವಳಿಗೆ ದಿವಾಳಿ.

ಒಂದು ಶಾಲೆಯಲ್ಲಿ ತಾಂಡಾದಿಂದ ಬರುವ ಹುಡುಗನೊಬ್ಬನಿದ್ದ. ಕರಿಹಲಗೆಯ ಮೇಲೆ ಕಳೆಯುವ ಲೆಕ್ಕ ಕೊಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಅದೇ ಹುಡುಗ ಸಂತೆಯಲ್ಲಿ ಅವ್ವನ ಪಕ್ಕ ಕೂತು ಮೆಣಸಿನಕಾಯಿ ಮಾರುವಾಗ ಐವತ್ತರ ನೋಟಿಗೆ ಚಿಲ್ಲರೆ ತಪ್ಪುತ್ತಿರಲಿಲ್ಲ. ಇದನ್ನು ಕಂಡ ನನ್ನ ಜೊತೆಯ ಮಾಸ್ತರರು ಮೇಜಿನ ಮೇಲೆ ನಾಣ್ಯ ಹರವಿ, ಅವನಿಗೆ ಬರುವ ಲಂಬಾಣಿ ಶಬ್ದ ಹಿಡಿದು ಲೆಕ್ಕ ಕಲಿಸಿದರು. ಹುಡುಗ ಹಾದಿಗೆ ಬಂದ. ಮಾಸ್ತರರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ಟೀಚರಿಗೆ ನಾಣ್ಯದ ಸಂಗತಿ ಹೇಳುವವರಿರಲಿಲ್ಲ, ಮತ್ತೆ ಕರಿಹಲಗೆಯಿಂದಲೇ ಶುರು. ಕಪಾಟಿನಲ್ಲಿದ್ದ ಟಿಪ್ಪಣಿಯಲ್ಲಿ "ವ್ಯವಕಲನ, ಮಕ್ಕಳು ಅರ್ಥಮಾಡಿಕೊಂಡರು" ಎಂದಷ್ಟೇ ಇತ್ತು. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಂತೂ ಶುಭೋದಯದ ಹೂವುಗಳಲ್ಲಿ ಮುಳುಗಿತ್ತು.

ಬೇರೆ ದಾರಿ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು ನಲಿಕಲಿ ಆರಂಭಿಸಿದರು. 2009ರಲ್ಲಿ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿ ನಮ್ಮ ಗಡಿಯವರೆಗೂ ಬಂತು. ಒಬ್ಬ ಮಾಸ್ತರನ ಕೈಚಳಕ ಇನ್ನೊಬ್ಬರ ಕೈಗೆ ಕೊಡಬಹುದಾದ ರೂಪಕ್ಕೆ ಬಂದದ್ದೇ ಅದರ ಬಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪ್ರತಿ ಶಾಲೆಯಲ್ಲೂ ಸಾಹೇಬರು ಸಹಿ ಹಾಕದ ಒಂದು ವಹಿ ಇರಲಿ. ಯಾವ ಮಗುವಿನ ಮನೆಮಾತು ಏನು, ಅದಕ್ಕೆ ಲೆಕ್ಕ ಯಾವ ಹಾದಿಯಲ್ಲಿ ಹತ್ತಿತು, ಯಾವ ಪಾಠ ಸೋತಿತು ಎಂಬುದನ್ನು ಮುಂದೆ ಬರುವ ಮಾಸ್ತರಿಗಾಗಿ ಅವರಿಗೆ ತಿಳಿಯುವ ಮಾತಿನಲ್ಲಿ ಬರೆದಿಡಿ. ಅಂಗಡಿಯಲ್ಲಿ ಕೂತವರೂ ಕಂಪ್ಯೂಟರಿನಲ್ಲಿ ಬಿಲ್ಲು ತೆಗೆದ ಮೇಲೆ ಅಂಚಿನಲ್ಲೊಂದು ಸಾಲು ಬರೆಯಲಿ. ಎರಡು ರೂಪಾಯಿ ಬಾಕಿ ಮರೆಯದ ನಾವು, ಒಂದು ಮಗು ಕಲಿತ ಬಗೆಯನ್ನು ಮರೆಯುವುದು ನ್ಯಾಯವಲ್ಲ.