ವರದಿಯಲ್ಲಿ ಇಲ್ಲದ ಹೆಸರುಗಳು: ಕನ್ನಡ ಸಂಘದ ಒಂದು ವರ್ಷದ ಲೆಕ್ಕ

ಶೈಕ್ಷಣಿಕ ವರ್ಷದ ಕೊನೆಯಲ್ಲಿ ಕಾಲೇಜಿನ ಕನ್ನಡ ಸಂಘದ ಸಮಾರೋಪ ಸಮಾರಂಭ ನಡೆಯುತ್ತದೆ. ಅಂದು ಸಂಘದ ಸಂಚಾಲಕನಾದ ಅಧ್ಯಾಪಕನು ಎರಡು ಕೆಲಸಗಳನ್ನು ನಿರ್ವಹಿಸಬೇಕಾಗುತ್ತದೆ. ಒಂದು, ಆ ವರ್ಷದ ಪ್ರಗತಿ ವರದಿಯನ್ನು ವಾಚಿಸುವುದು; ಇನ್ನೊಂದು, ಪದವಿ ಮುಗಿಸಿ ಹೊರಡುವ ವಿದ್ಯಾರ್ಥಿಗಳಿಗೆ ನಾಲ್ಕು ಹಿತವಚನಗಳನ್ನು ಹೇಳುವುದು. ರಾಯಚೂರು ನಗರದ ಕಾಲೇಜೊಂದರಲ್ಲಿ ಈ ಎರಡೂ ಕೆಲಸಗಳನ್ನು ನಾನು ಹಲವು ವರ್ಷ ಮಾಡಿದ್ದೇನೆ. ಇವೆರಡೂ ಬೇರೆ ಬೇರೆ ಎಂದು ಬಹುಕಾಲ ಭಾವಿಸಿದ್ದೆ. ವರದಿ ಅಪೂರ್ಣವಾದರೆ ಹಿತವಚನವೂ ಪೊಳ್ಳಾಗುತ್ತದೆ ಎಂಬುದನ್ನು ಕಲಿತದ್ದು ತಡವಾಗಿ. ಕಲಿಸಿದವಳು ದೇವದುರ್ಗ ತಾಲೂಕಿನ ಒಬ್ಬ ವಿದ್ಯಾರ್ಥಿನಿ.

ಕನ್ನಡದಲ್ಲಿ ಕಾಲೇಜು ಸಂಘಗಳಿಗೆ ಗೌರವದ ಚರಿತ್ರೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ೧೯೧೯ರಲ್ಲಿ 'ಪ್ರಬುದ್ಧ ಕರ್ನಾಟಕ'ವನ್ನು ಆರಂಭಿಸಿತು. ಇಂದು ನಾವು ವಿಶ್ವವಿದ್ಯಾಲಯದ ಸಂಶೋಧನ ಪತ್ರಿಕೆ ಎಂದು ಯಾವುದನ್ನು ಕರೆಯುತ್ತೇವೆಯೋ ಅದರ ಒಂದು ಬೇರು ಹೀಗೆ ಕಾಲೇಜು ಸಂಘವೊಂದರಲ್ಲಿದೆ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ನೆರೆದ ಗೆಳೆಯರ ಗುಂಪು ಕಾಲೇಜಿನ ಗೋಡೆಯ ಹೊರಗೆ ಇಂತಹುದೇ ಕೆಲಸ ಮಾಡಿತು. ಮುಂದೆ ಚಿ. ಶ್ರೀನಿವಾಸರಾಜು ಅವರು ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದ ಮೂಲಕ ವಿದ್ಯಾರ್ಥಿಗಳ ಬರವಣಿಗೆಯನ್ನು ಪುಸ್ತಕವಾಗಿಸಿದರು. ಈ ಮೂರರಲ್ಲಿಯೂ ಸಮಾನವಾದ ಅಂಶವೆಂದರೆ, ಸಂಘದ ಸಾಧನೆಯನ್ನು ಅಳೆದದ್ದು ನಡೆದ ಸಮಾರಂಭಗಳ ಸಂಖ್ಯೆಯಿಂದಲ್ಲ, ಉಳಿದುಕೊಂಡ ಬರವಣಿಗೆಯಿಂದ.

ನಮ್ಮ ಭಾಗದಲ್ಲಿ ಕನ್ನಡ ಸಂಘವೆಂಬುದಕ್ಕೆ ಇನ್ನೂ ಒಂದು ಅರ್ಥವಿತ್ತು. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಭಾಷೆಯೂ ಉರ್ದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಪೇಟೆಯಲ್ಲಿ ತೆಲುಗು ಎಂಬಂತಹ ಊರಿನಲ್ಲಿ ಕನ್ನಡಕ್ಕಾಗಿ ಜನ ಸೇರುವುದೇ ಒಂದು ನಿರ್ಧಾರವಾಗಿತ್ತು. ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದ್ದು ಈ ಊರಿನಲ್ಲಿ. ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ೧೯೩೪ರ ಸಾಹಿತ್ಯ ಸಮ್ಮೇಳನ ನಡೆದದ್ದೂ ಇಲ್ಲಿಯೇ. ೨೦೧೬ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ ೮೨ನೆಯ ಸಮ್ಮೇಳನ ಮತ್ತೆ ಇಲ್ಲಿಗೆ ಬಂದಾಗ ಊರು ಹಬ್ಬವನ್ನೇ ಆಚರಿಸಿತು.

ನಾನು ಹೇಳಹೊರಟ ಪ್ರಸಂಗ ೨೦೦೬-೦೭ನೆಯ ಶೈಕ್ಷಣಿಕ ವರ್ಷದ್ದು. ೨೦೦೬ರಲ್ಲಿ ಬೀದರಿನಲ್ಲಿ ನಡೆದ ಸಮ್ಮೇಳನಕ್ಕೆ ನಮ್ಮ ಜಿಲ್ಲೆಯ ಶಾಂತರಸರು ಅಧ್ಯಕ್ಷರಾಗಿದ್ದರು. ಆ ಉತ್ಸಾಹ ಇನ್ನೂ ಆರಿರಲಿಲ್ಲ. ಉರ್ದುವಿನ ಗಜಲನ್ನು ಕನ್ನಡಕ್ಕೆ ಒಗ್ಗಿಸಿದ ಅವರ ಕಾವ್ಯವನ್ನು ಕುರಿತು ಒಂದು ಗೋಷ್ಠಿಯನ್ನು ಏರ್ಪಡಿಸಿದೆವು. ವಿದ್ಯಾರ್ಥಿಗಳನ್ನು ಎರಡು ಕ್ಷೇತ್ರ ಭೇಟಿಗಳಿಗೂ ಕರೆದೊಯ್ದೆವು. ಮೊದಲನೆಯದು ರಾಯಚೂರು ಕೋಟೆಗೆ. ಅಲ್ಲಿ ಕ್ರಿ.ಶ. ೧೨೯೪ರ ಶಾಸನವುಳ್ಳ ಭಾರಿ ಶಿಲಾಫಲಕವಿದೆ. ಅದರ ಬಳಿಯಲ್ಲಿಯೇ, ಆ ಕಲ್ಲನ್ನು ಗಾಡಿಗೇರಿಸಿ ಎಳೆದು ತಂದ ಪರಿಯನ್ನೂ ಗೋಡೆಯಲ್ಲಿ ಕೆತ್ತಿಟ್ಟಿದ್ದಾರೆ. ಕೋಟೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಬರುವುದು ಸಹಜ. ಕಲ್ಲು ಎಳೆದ ಶ್ರಮಕ್ಕೂ ಗೋಡೆಯ ಮೇಲೆ ಜಾಗ ಸಿಕ್ಕಿರುವುದು ವಿರಳ ಎಂದು ವಿದ್ಯಾರ್ಥಿಗಳಿಗೆ ವಿವರಿಸಿದೆ.

ಎರಡನೆಯ ಭೇಟಿ ಮಾನ್ವಿ ಮತ್ತು ಚೀಕಲಪರ್ವಿಗೆ. ಮರಳುವಾಗ ಬಸ್ಸಿನಲ್ಲಿ ನಮ್ಮ ಸೀಮೆಯ ದಾಸರ ಪ್ರತೀತಿಯೊಂದನ್ನು ಹೇಳಿದೆ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ವಿದ್ವಾಂಸರು. ಚೀಕಲಪರ್ವಿಯ ವಿಜಯದಾಸರು ಕನ್ನಡದಲ್ಲಿ ಹಾಡುವವರೆಂದು ಅವರನ್ನು ಕಡೆಗಣಿಸಿದರು. ಮುಂದೆ ಉದರವ್ಯಾಧಿಗೆ ತುತ್ತಾಗಿ ವಿಜಯದಾಸರ ಬಳಿಗೆ ಬಂದಾಗ, ಅವರು ಆಚಾರ್ಯರನ್ನು ಮೊಸರಕಲ್ಲಿನ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗುಣಹೊಂದಿದ ಆಚಾರ್ಯರು ತಾವೇ ಜಗನ್ನಾಥದಾಸರಾಗಿ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ'ವನ್ನು ರಚಿಸಿದರು. ಹಾಡುವ ನಾಲಗೆಯನ್ನು ಓದಿದವನು ಹಗುರವಾಗಿ ಕಾಣಬಾರದೆಂಬುದು ಕತೆಯ ತಾತ್ಪರ್ಯ ಎಂದು ನಾನೇ ಸೇರಿಸಿದೆ. ಬಸ್ಸಿನಲ್ಲಿ ಚಪ್ಪಾಳೆಯೂ ಬಿತ್ತು.

ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವಳು ಕೃಷ್ಣಾ ತೀರದ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಅಂತಿಮ ಬಿ.ಎ. ವಿದ್ಯಾರ್ಥಿನಿ. ಅವಳು ದಸರಾ ರಜೆಯಲ್ಲಿ ಊರಿಗೆ ಹೋಗಿ, ಅಜ್ಜಿಯ ಮಗ್ಗುಲಲ್ಲಿ ಕುಳಿತು, ಬೀಸುವ ಪದ, ಸೋಬಾನೆ ಪದ, ಮೊಹರಮ್ಮಿನ ಅಲಾಯಿ ಪದಗಳೆಂದು ಒಟ್ಟು ೩೪ ಹಾಡುಗಳನ್ನು ಇನ್ನೂರು ಪುಟದ ನೋಟು ಪುಸ್ತಕವೊಂದರಲ್ಲಿ ಬರೆದುಕೊಂಡು ಬಂದಳು. ಅಜ್ಜಿಗೆ ಓದು ಬರದು. ಯಾವ ಪದವನ್ನು ಯಾರಿಂದ ಕಲಿತಳು, ಯಾವ ಹೊಲದಲ್ಲಿ, ಯಾರ ಮದುವೆಯಲ್ಲಿ ಎಂಬುದನ್ನು ಮೊಮ್ಮಗಳು ಅಂಚಿನಲ್ಲಿ ಗುರುತು ಹಾಕಿದ್ದಳು. ಕ್ಷೇತ್ರಕಾರ್ಯದ ಪಾಠವನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಪುಸ್ತಕವನ್ನು ನೋಡಿ ಸಂತೋಷಪಟ್ಟೆ. ಬಿಡುವಾದಾಗ ತಿದ್ದಿಕೊಡುತ್ತೇನೆಂದು ವಿಭಾಗದ ಕಪಾಟಿನಲ್ಲಿರಿಸಿದೆ. ಆ ಬಿಡುವು ಬರಲಿಲ್ಲ.

ಮಾರ್ಚಿನಲ್ಲಿ ವರದಿ ಸಿದ್ಧವಾಯಿತು. ಉದ್ಘಾಟಕರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಸ್ವಾಗತಿಸಿದವರು, ವಂದಿಸಿದವರು, ಎಲ್ಲರ ಹೆಸರುಗಳೂ ಅದರಲ್ಲಿದ್ದವು. ಕ್ಷೇತ್ರ ಭೇಟಿಗಳ ಬಗ್ಗೆ ಎರಡು ಸಾಲು. ಹಾಡಿನ ಸಂಗ್ರಹದ ಬಗ್ಗೆ 'ವಿದ್ಯಾರ್ಥಿಗಳು ಜಾನಪದ ಸಂಗ್ರಹದಲ್ಲಿಯೂ ತೊಡಗಿದ್ದರು' ಎಂಬ ಒಂದು ಸಾಲು. ಸಮಾರೋಪದಲ್ಲಿ ಅದನ್ನು ಗಂಭೀರವಾಗಿ ಓದಿದೆ. ಬಳಿಕ ಹಿತವಚನ: ಬೇರುಗಳನ್ನು ಮರೆಯಬೇಡಿ, ನಿಮ್ಮ ನೆಲದ ಸಂಸ್ಕೃತಿಯನ್ನು ಉಳಿಸಿ. ಮರುದಿನ ಆ ವಿದ್ಯಾರ್ಥಿನಿ ವಿಭಾಗದ ಬಾಗಿಲಲ್ಲಿ ನಿಂತು ಕೇಳಿದಳು:

"ಸರ್, ವರದ್ಯಾಗ ಹಾರ ಹಾಕಿಸ್ಕೊಂಡೋರ ಹೆಸರು ಎಲ್ಲಾ ಅದಾವ್ರಿ. ಹಾಡಿದಾಕಿ ಹೆಸರು ಎಲ್ಲೈತ್ರಿ?"

ಮುಂದಿನ ವರ್ಷ ಸೇರಿಸೋಣವೆಂದೆ. ಅವಳು ನಕ್ಕು ಹೋದಳು. ಆ ಬೇಸಿಗೆಯಲ್ಲಿ ಕಾಲೇಜಿಗೆ ತಪಾಸಣಾ ತಂಡವೊಂದು ಬರುವುದಿತ್ತು. ವಿಭಾಗಗಳನ್ನು ಅಚ್ಚುಕಟ್ಟು ಮಾಡುವ ಗಡಿಬಿಡಿಯಲ್ಲಿ ಹಳೆಯ ಉತ್ತರ ಪತ್ರಿಕೆಗಳ ಜೊತೆ ಕಪಾಟಿನ ಕೆಳಗಿನ ಸಾಲೂ ರದ್ದಿಗೆ ಹೋಯಿತು. ಬಣ್ಣದ ಹೊದಿಕೆ ಹಾಕಿಸಿದ ವಾರ್ಷಿಕ ವರದಿ ಮೇಜಿನ ಮೇಲೆ ಉಳಿಯಿತು. ರದ್ದಿಯನ್ನು ಬೇರ್ಪಡಿಸಿಕೊಟ್ಟವನು ನಾನೇ. ಬೇರೆಯವರ ಮೇಲೆ ಹೊರಿಸಲು ಇದರಲ್ಲಿ ಏನೂ ಇಲ್ಲ.

ಸುಮಾರು ಎರಡು ವರ್ಷದ ನಂತರ ಅವಳು ಪುಸ್ತಕ ಕೇಳಿಕೊಂಡು ಬಂದಳು. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಸಿಟ್ಟಾಗಲಿಲ್ಲ. "ಅಜ್ಜಿ ಇದ್ದಿದ್ದರ ಇನ್ನೊಮ್ಮೆ ಕುಂತು ಬರಕೋತಿದ್ನಿರಿ ಸರ್. ಈಗ ಯಾರ್ನ ಕೇಳ್ಲಿ?" ಎಂದಳು. ಆ ಪ್ರಶ್ನೆಗೆ ಅಂದೂ ಉತ್ತರವಿರಲಿಲ್ಲ, ಇಂದೂ ಇಲ್ಲ. ಬಸ್ಸಿನಲ್ಲಿ ನಾನು ಹೇಳಿದ ಕತೆಯ ವಿದ್ವಾಂಸನಿಗಾದರೂ ಪ್ರಾಯಶ್ಚಿತ್ತಕ್ಕೆ ಅವಕಾಶವಿತ್ತು. ಕೆಲವು ತಿಂಗಳ ಬಳಿಕ ಅವಳು ನೆನಪಿನಿಂದ ೧೧ ಹಾಡುಗಳನ್ನು ಬರೆದು ಅಂಚೆಯಲ್ಲಿ ಕಳುಹಿಸಿದಳು. ಉಳಿದ ೨೩ ಹೋದವು.

ಮೌಖಿಕ ಪರಂಪರೆ ನಶಿಸುತ್ತಿದೆ ಎಂದು ನಾವು ಲೇಖನಗಳಲ್ಲಿ ಬರೆಯುವಾಗ ಅದಕ್ಕೆ ಆಧುನಿಕತೆ, ಜಾಗತೀಕರಣ ಮುಂತಾದ ದೊಡ್ಡ ಕಾರಣಗಳನ್ನು ಕೊಡುತ್ತೇವೆ. ಅವು ಸುಳ್ಳಲ್ಲ. ಆದರೆ ಈ ೨೩ ಹಾಡುಗಳ ಮಟ್ಟಿಗೆ ಕಾರಣ ಒಬ್ಬ ಕನ್ನಡ ಅಧ್ಯಾಪಕನ ಅಲಕ್ಷ್ಯ. ೨೦೧೧ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ. ೪೮.೭೩. ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳಿಗೆ ಅಕ್ಷರ ದೊರೆಯದ ಜಿಲ್ಲೆಯಲ್ಲಿ, ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಅತ್ಯಂತ ಹಿಂದುಳಿದವುಗಳೆಂದು ಗುರುತಿಸಿದ ತಾಲೂಕುಗಳಲ್ಲೊಂದಾದ ದೇವದುರ್ಗದಿಂದ ಒಬ್ಬಳು ಪದವಿ ತರಗತಿಗೆ ಬಂದು, ಅಕ್ಷರವಿಲ್ಲದ ಅಜ್ಜಿಯ ಮಾತನ್ನು ಅಕ್ಷರಕ್ಕೆ ತಂದಿದ್ದಳು. ಸಂಘದ ಆ ವರ್ಷದ ನಿಜವಾದ ಪ್ರಗತಿ ಅದೊಂದೇ. ವರದಿಯಲ್ಲಿ ಇಲ್ಲದಿದ್ದುದೂ ಅದೊಂದೇ.

ಅಲ್ಲಿಂದ ಮುಂದೆ ವರದಿಗೆ ಎರಡನೆಯ ಭಾಗವೊಂದನ್ನು ಸೇರಿಸಿದೆ. ಅದರಲ್ಲಿ ಅತಿಥಿಗಳ ಹೆಸರಿಲ್ಲ. ಯಾವ ವಿದ್ಯಾರ್ಥಿ ಏನು ಬರೆದ, ಯಾರಿಂದ ಕೇಳಿ ಬರೆದ, ಅದರ ಪ್ರತಿ ಎಲ್ಲಿದೆ ಎಂಬ ವಿವರಗಳಿವೆ. ಬಾರದವರು ಏಕೆ ಬರಲಿಲ್ಲ ಎಂಬುದನ್ನೂ ದಾಖಲಿಸತೊಡಗಿದೆ. ಆಗ ನಮಗೆ ಗೊತ್ತಿರದಿದ್ದ ಕೆಲವು ಸಂಗತಿಗಳು ಹೊರಬಿದ್ದವು. ರಾಜ್ಯೋತ್ಸವದ ತಿಂಗಳಲ್ಲಿಯೇ ದೇವದುರ್ಗದ ಕಡೆ ಹತ್ತಿ ಬಿಡಿಸುವ ಕೆಲಸವಿರುತ್ತದೆ; ಮನೆಯವರು ಮಕ್ಕಳನ್ನು ಊರಿಗೆ ಕರೆಸಿಕೊಳ್ಳುತ್ತಾರೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿಗೆ ಕೈಗಳು ಬೇಕು. ಮಳೆ ಕೈಕೊಟ್ಟ ವರ್ಷ ಇಡೀ ಕುಟುಂಬ ಗುಳೆ ಹೋಗುತ್ತದೆ. ಸಂಜೆ ನಾಲ್ಕಕ್ಕೆ ಕಾರ್ಯಕ್ರಮವಿಟ್ಟರೆ ಹಳ್ಳಿಯ ಹೆಣ್ಣುಮಕ್ಕಳು ಬಸ್ಸಿನ ಚಿಂತೆಯಲ್ಲಿ ಎದ್ದು ಹೋಗುತ್ತಾರೆ. 'ವಿದ್ಯಾರ್ಥಿಗಳಲ್ಲಿ ಸಾಹಿತ್ಯಾಸಕ್ತಿ ಕುಂದಿದೆ' ಎಂದು ನಾವು ವರ್ಷವರ್ಷವೂ ಬರೆಯುತ್ತಿದ್ದುದು ಬಹುಮಟ್ಟಿಗೆ ಬಸ್ಸಿನ ವೇಳಾಪಟ್ಟಿಯ ಸಮಸ್ಯೆಯಾಗಿತ್ತು. ಕಾರ್ಯಕ್ರಮವನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟ ಮೇಲೆ ಕೊಠಡಿ ತುಂಬಿತು.

ಹಿತವಚನವೂ ಬದಲಾಯಿತು. ಈಗ ಪದವಿ ಮುಗಿಸಿ ಹೊರಡುವವರಿಗೆ ನಾನು ಹೇಳುವ ಮಾತುಗಳು ಇಷ್ಟು.

ಮೊದಲನೆಯದು: ನೀವು ಬರೆದುಕೊಂಡ ಯಾವುದನ್ನೂ ಒಂದೇ ಪ್ರತಿಯಲ್ಲಿ ಬಿಡಬೇಡಿ, ಮೂಲ ಪ್ರತಿಯನ್ನು ಅಧ್ಯಾಪಕರಿಗೆ ಕೊಡಲೇಬೇಡಿ. ಹಾಡಿದವರ ಹೆಸರು, ಊರು, ದಿನಾಂಕ ಬರೆಯಿರಿ. ನಿಮ್ಮ ಅಜ್ಜಿ ನಿಮ್ಮ ಪ್ರಬಂಧದಲ್ಲಿ 'ಒಬ್ಬ ವಕ್ತೃ' ಎಂದಷ್ಟೇ ಉಳಿಯಬಾರದು.

ಎರಡನೆಯದು: ನೌಕರಿಯ ಲೆಕ್ಕವನ್ನು ಮನೆಯವರೊಂದಿಗೆ ಕುಳಿತು ಮಾಡಿ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಕೊಠಡಿ ಹಿಡಿಯುವುದು ತಪ್ಪಲ್ಲ. ಆದರೆ ಎಷ್ಟು ವರ್ಷ, ಯಾರ ದುಡಿಮೆಯಲ್ಲಿ, ಆಗದಿದ್ದರೆ ಮುಂದೇನು ಎಂಬುದನ್ನು ಹೊರಡುವ ಮೊದಲೇ ನಿರ್ಧರಿಸಿ. ಬಿ.ಇಡಿ. ಆಗಲಿ ಎಂ.ಎ. ಆಗಲಿ ಬೇರೆ ದಾರಿ ಕಾಣದೆ ಸೇರಿದರೆ ಹೊರೆ, ಬೇಕೆಂದು ಸೇರಿದರೆ ಬಲ.

ಮೂರನೆಯದು: ಸಂವಿಧಾನದ ೯೮ನೆಯ ತಿದ್ದುಪಡಿಯ ಮೂಲಕ ಬಂದ ೩೭೧(ಜೆ) ವಿಧಿಯು ನಮ್ಮ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಗೆ ದಾರಿ ಮಾಡಿದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನದವರೆಗೆ ಕಾಯದೆ ಮೊದಲೇ ಪಡೆದಿಟ್ಟುಕೊಳ್ಳಿ. ಬಳಿಕ ನಿಮ್ಮ ಓಣಿಯ ನಾಲ್ವರಿಗೆ ಅದೇ ಅರ್ಜಿಯನ್ನು ಬರೆದುಕೊಡಿ. ಕನ್ನಡದಲ್ಲಿ ತಪ್ಪಿಲ್ಲದೆ, ಕೇಳಬೇಕಾದುದನ್ನು ನೇರವಾಗಿ ಕೇಳುವ ಒಂದು ಅರ್ಜಿ ಬರೆಯಬಲ್ಲವರು ಹಳ್ಳಿಗೆ ಬೇಕಾಗಿದ್ದಾರೆ. ಐಚ್ಛಿಕ ಕನ್ನಡ ಓದಿದ್ದಕ್ಕೆ ಅದು ಸಣ್ಣ ಪ್ರಯೋಜನವೇನಲ್ಲ.

ನಾಲ್ಕನೆಯದು: ನೆರೆಯ ಭಾಷೆಗಳನ್ನು ಬಿಡಬೇಡಿ. ರಾಯಚೂರಿನಲ್ಲಿ ಬೆಳೆದವರ ಕಿವಿಗೆ ಉರ್ದುವೂ ತೆಲುಗೂ ಬಿದ್ದಿರುತ್ತವೆ. ಲಿಪಿಯನ್ನೂ ಕಲಿತರೆ ನಿಜಾಮರ ಕಾಲದ ಉರ್ದು ಕಂದಾಯ ದಾಖಲೆಗಳು ನಿಮಗೆ ತೆರೆದುಕೊಳ್ಳುತ್ತವೆ. ನಮ್ಮ ಜಿಲ್ಲೆಯ ಸ್ಥಳೀಯ ಚರಿತ್ರೆಯನ್ನು ಬರೆಯುವವರು ಅವನ್ನು ಓದಬಲ್ಲವರಾಗಿರಬೇಕು. ಶಾಂತರಸರ ಕನ್ನಡ ಗಜಲಿನ ಹಿಂದೆಯೂ ಉರ್ದುವಿನ ಒಡನಾಟವಿತ್ತೆಂಬುದನ್ನು ಮರೆಯಬಾರದು.

ಈ ಮಾತುಗಳನ್ನು ಸಹೋದ್ಯೋಗಿಗಳ ಮುಂದಿಡುವುದಕ್ಕೆ ಕಾರಣವಿದೆ. ನಾವೆಲ್ಲರೂ ಇಂತಹ ವರದಿಗಳನ್ನು ಬರೆಯುತ್ತೇವೆ. ಮೌಲ್ಯಮಾಪನದ ಕಡತಗಳಿಗಾಗಿ ಇತ್ತೀಚೆಗೆ ಇನ್ನೂ ಹೆಚ್ಚು ಬರೆಯುತ್ತೇವೆ. ನಾಳೆ ಒಬ್ಬ ಸಂಶೋಧಕನು ಈ ಕಾಲದ ಹಳ್ಳಿಯ ಮಕ್ಕಳು ಕಾಲೇಜಿನಲ್ಲಿ ಕನ್ನಡವನ್ನು ಏನು ಮಾಡಿದರು ಎಂದು ಹುಡುಕಿದರೆ ಅವನಿಗೆ ದೊರೆಯುವ ಆಕರ ಇವೇ. ಅವುಗಳಲ್ಲಿ ಅತಿಥಿಗಳ ಹೆಸರಷ್ಟೇ ಇದ್ದರೆ, ವಿದ್ಯಾರ್ಥಿಗಳೇ ಇಲ್ಲದ ಕಾಲೇಜಿನ ಚರಿತ್ರೆಯನ್ನು ಅವನು ಬರೆಯಬೇಕಾದೀತು. ಕೋಟೆಯ ಗೋಡೆಯಲ್ಲಿ ಕಲ್ಲೆಳೆದವರಿಗೆ ದೊರೆತಷ್ಟು ಜಾಗವೂ ನಮ್ಮ ಕಡತಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ದೊರೆಯದೆಂದರೆ ಅದು ನಾಚಿಕೆಯ ಸಂಗತಿ.

೨೦೦೬-೦೭ರ ವರದಿಯ ಕಚೇರಿ ಪ್ರತಿಗೆ ನಾನು ಕೈಬರಹದ ಹಾಳೆಯೊಂದನ್ನು ಅಂಟಿಸಿದ್ದೇನೆ. ಅದರಲ್ಲಿ ಅಜ್ಜಿಯ ಹೆಸರು, ಮೊಮ್ಮಗಳ ಹೆಸರು, ಊರು, ಉಳಿದ ೧೧ ಹಾಡುಗಳ ಮೊದಲ ಸಾಲುಗಳು ಇವೆ. ಕೆಳಗೆ, ೨೩ ಹಾಡುಗಳು ವಿಭಾಗದಲ್ಲಿ ಕಳೆದುಹೋದವು ಎಂದು ಬರೆದು ಸಹಿ ಮಾಡಿದ್ದೇನೆ.